ಹಾಡು ಅವರದು, ಅಳತಿ ನಮ್ಮದು

ಚೈತ್ರಗೌರಿ ಅರಿಷಿಣ-ಕುಂಕುಮಕ್ಕ ನಮ್ಮ ಓಣ್ಯಾಗ ಒಬ್ಬರ ಮನಿಗೆ ಹೋಗಿದ್ದೆ. ಗಿಟಾರ್ ತೊಗೊಂಡ ಬರ್ರಿ ಅಂತ ಅವರೇ ಹೇಳಿದ್ರು. ಶರೀಫಜ್ಜನ ಮಾಳಿಗಿ ಸೋರೋ ಪದ ಹಾಡಿದೆ. ಮುಗದ ಮ್ಯಾಲೆ ಒಬ್ಬಾಕಿ ಕೋಸಂಬರಿ ತಿನಕೋತ ಅಂದ್ಲು, "ಛಲೋ ಆತ್ರಿ ಕಾಕು, ಆದ್ರ ಅಶ್ವಥ್ ಅವರು ಹಾಡಿದಂಗ ಅನಸಲಿಲ್ಲ ನೋಡ್ರಿ."

ಅಕಿ ನನಗ ನೋಯಿಸಬೇಕಂತ ಅಂದಿದ್ದಲ್ಲ. ಆದ್ರೂ ರಾತ್ರಿ ಹಾಲಿಗೆ ಹೆಪ್ಪ ಹಾಕೋ ಮುಂದ ಅದ ಮಾತು ತಲ್ಯಾಗ. ಅವರು ಹಾಡಿದಂಗನ ಹಾಡೋದಿದ್ರ ನಾ ಯಾಕ ಹಾಡಬೇಕು? ಮೊಬೈಲ್ ಹಚ್ಚಿಟ್ಟು ಎಲ್ಲಾರೂ ಪಾನಕ ಕುಡಕೋತ ಕೂತರ ಸಾಕಲ್ಲ?

ಗೊತ್ತಿಲ್ಲದವರಿಗೆ ಹೇಳ್ತೀನಿ. ಈ ಗಿಟಾರ್ ನಮ್ಮ ಮಗಂದು. ಅಂವಾ ನೌಕರಿಗೆ ಪುಣೆಕ್ಕ ಹೋಗೋ ಮುಂದ ಅಟ್ಟದ ಮ್ಯಾಲೆ ಇಟ್ಟು ಹೋದ. ಮೂರು ವರ್ಷದ ಹಿಂದ ದೀಪಾವಳಿಗೆ ಧೂಳ ಹೊಡಿಯಲಿಕ್ಕೆ ಇಳಿಸಿದಾಕಿ ಮತ್ತ ಮ್ಯಾಲೆ ಇಡಲಿಲ್ಲ. ಪಿಯುಸಿ ತನಕಾ ಪೇಟಿ ಮ್ಯಾಲೆ ಹಾಡು ಕಲತಿದ್ದೆ. ಲಗ್ನ ಆದಮ್ಯಾಲೆ ದೇವರ ಮುಂದ ಎರಡು ಹಾಡು, ಅಷ್ಟ. 53ನೇ ವರ್ಷಕ್ಕ ತಂತಿ ಒತ್ತಿ ಒತ್ತಿ ಎಡಗೈ ಬೆರಳಿನ ತುದಿ ಎಲ್ಲಾ ಉರಿ. ಮೆಣಸಿನಕಾಯಿ ಮುಟ್ಟಲಿಕ್ಕೂ ಅಂಜತಿದ್ದೆ. ಒಂದೂವರಿ ತಿಂಗಳಿಗೆ ಬೆರಳು ಗಟ್ಟಿ ಆದವು.

ಮೊದಲ ನಾನೂ ನಕಲನ ಮಾಡಿದೆ. ರಘು ದೀಕ್ಷಿತರು ಗಿಟಾರ್ ಹಿಡದು ಶರೀಫರ ಪದ ಹಾಡ್ತಾರಲ್ಲ, ಹಂಗ ಏರು ಧ್ವನಿಲೆ ಹಾಡಲಿಕ್ಕೆ ಹೋಗಿ ಮೂರು ದಿನ ಗಂಟಲಾ ಕೂತು. ಮನಿಯವರು "ಮನ್ಯಾಗ ಎಷ್ಟು ಶಾಂತ ಅನಸ್ತದ" ಅಂದ್ರು.

ಆವಾಗ ನನಗ ತಿಳೀತು, ತಪ್ಪು ಗಂಟಲದ್ದಲ್ಲ, ಶ್ರುತೀದು. ಹುಡುಗಿ ಇದ್ದಾಗ ನಾ ಕಾಳಿ ಚಾರ್ ಒಳಗ ಹಾಡ್ತಿದ್ದೆ, ಅಂದ್ರ ಪೇಟಿಯ ನಾಕನೇ ಕರಿ ಮನಿ. ಮುಟ್ಟು ನಿಂತಮ್ಯಾಲೆ ಧ್ವನಿ ಕೆಳಗ ಇಳದದ. ಇದು ಭಾಳ ಮಂದಿ ಹೆಣ್ಮಕ್ಕಳಿಗೆ ಆಗೋದ, ರೋಗ ಏನಲ್ಲ. ಈಗ ನನ್ನ ಷಡ್ಜ ಮೂರನೇ ಬಿಳಿ ಮನಿಗೆ ಬಂದದ. ಗಿಟಾರಿನವರು ಅದಕ್ಕ ಇ ಅಂತಾರ. ಆ ಶ್ರುತಿಗೆ ಬಿ ಅನ್ನೋ ಕಾರ್ಡ್ ಬೇಕು, ಅದು ನನ್ನ ಕೈಲೆ ಆಗಂಗಿಲ್ಲ, ಒಂದ ಬೆರಳು ಅಡ್ಡ ಇಟ್ಟು ಐದಾರು ತಂತಿ ಒತ್ತಬೇಕು. ಅದಕ್ಕ ಗಿಟಾರಿನ ಕುತ್ತಿಗಿಗೆ ಹಾಕೋ ಒಂದು ಕ್ಲಿಪ್ ಬರ್ತದ, ಕ್ಯಾಪೋ ಅಂತ. ಎರಡನೇ ಮನಿಗೆ ಅದನ್ನ ಹಾಕಿ, ಹೊಸದಾಗಿ ಕಲಿಯೋ ಹುಡುಗರು ಹಿಡಿಯೋ ಡಿ, ಜಿ, ಎ ಹಿಡದ್ರ ಕಿವಿಗೆ ಇ, ಎ, ಬಿ ಕೇಳಸ್ತದ. ಮೂರು ಕಾರ್ಡಿನಾಗ ನನ್ನ ಸಂಸಾರ ನಡೀತದ.

ಬ್ಯಾರೇದವರ ಅಳತಿ ಜಂಪರ್ ಬಿಗಿ ಆದ್ರ "ನನ್ನ ತೋಳ ಕೆಟ್ಟದ" ಅಂತೀವೇನ್ರಿ? ಹೊಲಿಗಿ ಬಿಚ್ಚಿಸಿ ಹಾಕ್ಕೋತೀವಿ. ಹಾಡಿಗೆ ಮಾತ್ರ "ನನ್ನ ಧ್ವನಿ ಕೆಟ್ಟದ" ಅಂತ ಬಾಯಿ ಮುಚಗೊಂಡು ಕೂಡ್ತೀವಿ.

ನಮ್ಮ ಹುಬ್ಬಳ್ಳಿ ಗಂಗೂಬಾಯಿ ಹಾನಗಲ್ ಅವರನ್ನ ನೆನಸ್ರಿ. ಸಣ್ಣ ವಯಸ್ಸಿನಾಗ ಅವರದು ತೆಳು ಧ್ವನಿ. ಟಾನ್ಸಿಲ್ ಆಪರೇಷನ್ ಆದಮ್ಯಾಲೆ ಗಂಡಸರ ಧ್ವನಿ ಹಂಗ ಗಡಸಾತು. ಆ ಗಡಸು ಧ್ವನಿಲೇನ ಹಾಡಿ 2002ರಾಗ ಪದ್ಮವಿಭೂಷಣ ತೊಗೊಂಡ್ರು.

ಶರೀಫಜ್ಜನ ಪದದ್ದೂ ಅದ ಕಥಿ. ಶಿಗ್ಗಾಂವಿ ಹತ್ರ ಶಿಶುನಾಳದಾಗ 1819ರಿಂದ 1889ರ ತನಕಾ ಇದ್ದವರು ಅವರು. ಅವರ ಧ್ವನಿ ಹಿಡದಿಡೋ ಮಷೀನ್ ಇರಲಿಲ್ಲ. ಭಜನಿ ಮೇಳದವರು ತಾಳ, ಏಕತಾರಿ ಹಿಡದು ತಮಗ ಬಂದಂಗ ಹಾಡಿ ಉಳಿಸಿದ್ರು. ಆಮ್ಯಾಲೆ ಸಿ. ಅಶ್ವಥ್ ತಮ್ಮ ದಾಟಿ ಹಾಕಿದ್ರು, 1990ರಾಗ ನಾಗಾಭರಣರ ಸಿನೆಮಾ ಬಂತು, ಪದಗಳು ಮನಿ ಮನಿಗೆ ಮುಟ್ಟಿದವು. ಈಗ ಗಿಟಾರ್ ಹುಡುಗರು ಹಾಡ್ತಾರ. ಒಬ್ಬರೂ ಹಿಂದಿನವರ ಹಂಗ ಹಾಡಲಿಲ್ಲ, ಅದಕ್ಕ ಪದ ಇನ್ನೂ ಜೀವಂತ ಅದ.

ಹಂಗಂತ ಮನಸ್ಸಿಗೆ ಬಂದಂಗ ತಿರುವ್ರಿ ಅಂತ ನಾ ಹೇಳಂಗಿಲ್ಲ. ಮೊದಲ ಮೂಲ ದಾಟಿ ಪೂರ್ತಿ ಕಲೀಬೇಕು. ಕಲೀದ ತಿರುವಿದ್ರ ಅದು ಸ್ವಂತ ಅಲ್ಲ, ತಪ್ಪು. ನಾನೂ ಒಮ್ಮೆ ನಡುವಿನ ನುಡಿ ಮರತು ಬಿಟ್ಟು "ಇದು ನನ್ನ ಸ್ಟೈಲ್" ಅಂತ ಜಾರಕೊಂಡಾಕಿನ! ಶಬ್ದ ಬದಲ ಮಾಡಬಾರದು. ಕಡೀಗೆ ಬರೋ ಶಿಶುನಾಳಧೀಶ ಅನ್ನೋ ಅಂಕಿತ ನುಂಗಬಾರದು. ಬರದವರು ಯಾರು, ದಾಟಿ ಹಾಕಿದವರು ಯಾರು, ಹಾಡೋಕಿಂತ ಮೊದಲ ಹೆಸರು ಹೇಳಬೇಕು. ಇಷ್ಟು ಮಾಡಿ ಉಳಿದಿದ್ದೆಲ್ಲಾ ನಮ್ಮ ಅಳತಿಗೆ ಹೊಲಕೋಬಹುದು.

ಮಾಳಿಗಿ ಪದ ನಾ ಸಾಲ್ಯಾಗ ಮಳಿ ಹಾಡು ಅಂತ ತಿಳದು ಚಪ್ಪಾಳಿ ಹೊಡದು ಜೋರಲೆ ಹಾಡ್ತಿದ್ದೆ. ಸೋರೋ ಮನಿ ಅಂದ್ರ ಈ ದೇಹನೂ ಅಂತ ತಿಳಿಯೋದ್ರಾಗ ಮೊಣಕಾಲ ನೋವು ಬಂತು. ಈಗ ಅದನ್ನ ಓಡಸಂಗಿಲ್ಲ. ಹೆಬ್ಬೆಟ್ಟಿನಿಂದ ತಾಳಕ್ಕೊಂದ ಸರ್ತಿ ತಂತಿ ಮುಟ್ತೀನಿ, ನಡುವಿನ ಮ್ಯೂಸಿಕ್ ಬಿಟ್ಟು ಸ್ವಲ್ಪ ಸುಮ್ನ ಇರ್ತೀನಿ. ಆ ಹುಡುಗಿಗೆ ಅಶ್ವಥ್ ಅವರ ಹಂಗ ಅನಸಲಿಲ್ಲ, ಖರೇ. ಅದು ನನ್ನ ಹಂಗ ಇತ್ತು.

ಇದನ್ನೆಲ್ಲಾ ಯಾಕ ಬರೀಲಿಕ್ಕೆ ಕೂತೆ ಅಂದ್ರ ನಮ್ಮ ದೊಡ್ಡ ವೈನಿ ಸಲುವಾಗಿ. ನಮ್ಮ ಮನಿ ಲಗ್ನದಾಗೆಲ್ಲಾ ಸೋಬಾನ ಪದ, ಬೀಸೋ ಪದ ಅವರದ. ಹೋದ ವರ್ಷ ಮನ್ಯಾಗ ಅರಿಷಿಣ ಹಚ್ಚೋ ಹೊತ್ತಿಗೆ "ನನ್ನ ಧ್ವನಿ ಹೋತು, ಅದರಾಗ ಹಾಕ್ರಿ" ಅಂತ ಮೊಬೈಲ್ ತೋರಿಸಿದ್ರು. ನಾವು ಹಾಕಿದ್ವಿ. ನಾನೂ ಅಲ್ಲೇ ಕೂತಿದ್ದೆ, "ಬ್ಯಾಡ, ನೀವ ಹಾಡ್ರಿ" ಅನ್ನಲಿಲ್ಲ. ಅವರ ಅವ್ವ ಕಲಿಸಿದ ಪದ ಯಾವ ಮೊಬೈಲಿನಾಗೂ ಇಲ್ಲ. ಅವರ ಬಾಯಾಗ ಅಷ್ಟ ಅವ.

ವೈನಿ, ಪಂಚಮಿಗೆ ಬರ್ರಿ. ಉಂಡಿ ನಾ ಕಟ್ಟತೀನಿ. ನೀವು ಎಷ್ಟು ಕೆಳಗಿನ ಧ್ವನ್ಯಾಗ ಹಾಡ್ತೀರಿ ಹಾಡ್ರಿ, ಕ್ಯಾಪೋ ಎಲ್ಲಿ ಹಾಕಬೇಕು ಅನ್ನೋದು ನಾ ನೋಡ್ಕೋತೀನಿ.