ಚುಚ್ಚುವ ಮೊದಲು ಒಂದು ಮಾತು ಕೇಳಿ

ಕಳೆದ ಸಲ ನೀವೋ ನಿಮ್ಮ ಮನೆಯವರೋ ಜಿಲ್ಲಾ ದವಾಖಾನೆಯಲ್ಲಿ ಮಲಗಿದ್ದಾಗ ಸಲೈನ್ ಸೂಜಿ ಹಾಕಿದವರು ಯಾರು? ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದವರು ಯಾರು? ಹೆರಿಗೆಯಾದ ಮೇಲೆ ಹೊಲಿಗೆ ಹಾಕಿದವರು ಯಾರು?

‘ಡಾಕ್ಟ್ರು’ ಅಂತೀರಿ. ಯಾವ ಡಾಕ್ಟ್ರು? ಹೆಸರೇನು? ಓದು ಮುಗಿಸಿದವರೋ, ಇನ್ನೂ ಓದುತ್ತಿರುವವರೋ? ಆ ಕೆಲಸ ಅವರಿಗೆ ನೂರನೇ ಸಲವೋ, ಮೊದಲನೇ ಸಲವೋ?

ಬಹಳ ಮಂದಿಗೆ ಗೊತ್ತಿರುವುದಿಲ್ಲ. ಯಾರೂ ಹೇಳಿರುವುದಿಲ್ಲ. ಕೇಳುವ ಧೈರ್ಯ ಹಾಸಿಗೆಯಲ್ಲಿ ಮಲಗಿದವರಿಗೆ ಬರುವುದಿಲ್ಲ.

ನಮ್ಮ ಮಾತು ನೇರವಾಗಿದೆ. ಕಲಿಯುವ ಡಾಕ್ಟರಿಗೆ ನಮ್ಮ ಮೈ ಒಡ್ಡಲು ಹಳ್ಳಿಯವರಾದ ನಾವು ತಯಾರಿದ್ದೇವೆ. ಆದರೆ ಕೇಳಿ ತಗೊಳ್ಳಿ. ಕೇಳದೆ ತಗೊಂಡರೆ ಅದಕ್ಕೆ ಕಲಿಕೆ ಅನ್ನುವ ಹೆಸರು ಸಲ್ಲುವುದಿಲ್ಲ.

ಬಿಳಿ ಕೋಟಿನೊಳಗೆ ಯಾರಿದ್ದಾರೆ?

ಮೊದಲು ಲೆಕ್ಕ ತಿಳಿದುಕೊಳ್ಳೋಣ. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ. ಆಮೇಲೆ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಅವರನ್ನೇ ನಮ್ಮ ಕಡೆ ಹೌಸ್‌ಸರ್ಜನ್ ಅನ್ನುವುದು. ಅವರಿಗೆ ಸಿಕ್ಕಿರುವುದು ತಾತ್ಕಾಲಿಕ ನೋಂದಣಿ. ಹಿರಿಯರ ಉಸ್ತುವಾರಿಯಲ್ಲಿ ಅವರು ಕೆಲಸ ಮಾಡಬೇಕು. ಪಿ.ಜಿ. ಅಂದರೆ ಎಂಬಿಬಿಎಸ್ ಮುಗಿಸಿ, ಒಂದು ವಿಭಾಗದಲ್ಲಿ ಪರಿಣತಿಗಾಗಿ ಓದುತ್ತಿರುವ ಪೂರ್ಣ ಡಾಕ್ಟರು.

ಮೂವರ ಕೋಟೂ ಬಿಳಿ. ಮೂವರ ಕೊರಳಲ್ಲೂ ಸ್ಟೆತಸ್ಕೋಪ್. ರೋಗಿಗೆ ಮೂವರೂ ‘ಸಾಹೇಬ್ರು’, ‘ಮೇಡಂ’. ನರ್ಸ್‌ಗೆ ವ್ಯತ್ಯಾಸ ಗೊತ್ತು, ಅಟೆಂಡರಿಗೆ ಗೊತ್ತು, ಗೇಟಿನ ಸೆಕ್ಯುರಿಟಿಗೂ ಗೊತ್ತು. ಚುಚ್ಚಿಸಿಕೊಳ್ಳುವವನಿಗೆ ಮಾತ್ರ ಗೊತ್ತಿಲ್ಲ.

ಅವರು ಕಲಿಯಲೇಬೇಕು

ಈಜು ಬರಬೇಕಾದರೆ ನೀರಿಗೆ ಇಳಿಯಲೇಬೇಕು. ಪುಸ್ತಕ ಓದಿ ನರ ಹಿಡಿಯಲು ಬರುವುದಿಲ್ಲ. ಯಾರದೋ ಒಬ್ಬರ ಕೈ ಅವರ ಮೊದಲನೇ ಕೈ ಆಗಲೇಬೇಕು.

ಅವರು ಬೇರೆ ಲೋಕದಿಂದ ಬಂದವರೂ ಅಲ್ಲ. ರಾಯಚೂರು, ಬೀದರ್, ಗದಗ, ಕೊಪ್ಪಳ, ಹಾಸನ, ಮಂಡ್ಯ, ಶಿವಮೊಗ್ಗ, ಚಾಮರಾಜನಗರ, ಕಾರವಾರ – ಇಲ್ಲೆಲ್ಲ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿವೆ. ನಮ್ಮ ರಾಜ್ಯದ ಸೀಟು ಹಂಚಿಕೆಯಲ್ಲಿ ಹಳ್ಳಿಯಲ್ಲಿ ಓದಿದವರಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲಾತಿ ಇದೆ. ಸೂಜಿ ಹಿಡಿದು ಬೆವರುತ್ತಿರುವ ಆ ಹುಡುಗಿ ಪಕ್ಕದ ಊರಿನ ಹೈಸ್ಕೂಲಲ್ಲಿ ಓದಿದವಳೇ ಇರಬಹುದು.

ಇನ್ನೊಂದು ಮಾತು. ಓದು ಮುಗಿಸಿದ ಡಾಕ್ಟರನ್ನು ಒಂದು ವರ್ಷ ಸರ್ಕಾರಿ ಸೇವೆಗೆ ಹಾಕಲು ನಮ್ಮ ರಾಜ್ಯ 2012ರಲ್ಲೇ ಕಾಯಿದೆ ಮಾಡಿದೆ. ನಾಳೆ ರಾತ್ರಿ ಎರಡಕ್ಕೆ ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ಕೂರುವ ಡಾಕ್ಟರ ಕೈ ಇಂದು ಜನರಲ್ ವಾರ್ಡಿನಲ್ಲಿ ಪಳಗುತ್ತಿರುವ ಕೈ. ಅದು ಪಳಗದೇ ಹೋದರೆ ನಷ್ಟ ಬೆಂಗಳೂರಿಗಲ್ಲ, ನಮಗೆ.

ಹಾಗಾಗಿ ‘ಸ್ಟೂಡೆಂಟ್ ನನ್ನ ಮುಟ್ಟಬಾರದು’ ಅನ್ನುವ ವಾದ ನಮ್ಮದಲ್ಲ.

ನೋವಿನ ಲೆಕ್ಕ ಬರೆಯುವವರಿಲ್ಲ

ನಮ್ಮ ತಕರಾರು ನೋವಿನ ಬಗ್ಗೆ, ಮಾತಿನ ಬಗ್ಗೆ.

ಮಣಿಕಟ್ಟಿನಿಂದ ಶುದ್ಧ ರಕ್ತನಾಳದ ರಕ್ತ ತೆಗೆಯುವುದು ಸಾಮಾನ್ಯ ರಕ್ತ ಪರೀಕ್ಷೆಯ ಹಾಗಲ್ಲ. ಆ ನಾಳ ಆಳದಲ್ಲಿರುತ್ತದೆ, ಹೆಚ್ಚು ನೋಯುತ್ತದೆ. ಬೆನ್ನಿನ ನೀರು ತೆಗೆಯುವಾಗ ರೋಗಿ ಮೊಣಕಾಲು ಎದೆಗೆ ಒತ್ತಿಕೊಂಡು ಅಲುಗಾಡದೆ ಮಲಗಬೇಕು. ಮೂತ್ರದ ಪೈಪು, ಮೂಗಿನ ಪೈಪು, ಹೆರಿಗೆಯ ಹೊಲಿಗೆ – ಪಳಗಿದ ಕೈಯಲ್ಲೂ ಇವು ನೋಯುತ್ತವೆ. ಪಳಗದ ಕೈಯಲ್ಲಿ ಎರಡು ಸಲ, ಮೂರು ಸಲ ನೋಯುತ್ತವೆ.

ಹೊಲಿಗೆಗೆ, ಬೆನ್ನಿನ ಸೂಜಿಗೆ ಮರಗಟ್ಟಿಸುವ ಇಂಜೆಕ್ಷನ್ ಇದೆ. ಹೆಸರು ಲಿಗ್ನೋಕೇನ್. ದುಬಾರಿ ಔಷಧ ಅಲ್ಲ. ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದನ್ನು ಕೊಟ್ಟು ಕೆಲವು ನಿಮಿಷ ಕಾಯಬೇಕು, ಜಾಗ ಮರಗಟ್ಟಿತೇ ಎಂದು ಮುಟ್ಟಿ ನೋಡಬೇಕು, ಆಮೇಲೆ ಕೆಲಸ ಶುರು ಮಾಡಬೇಕು. ಕಲಿಯುವವರು ಮೊದಲು ಕಲಿಯಬೇಕಾದದ್ದು ಈ ಕಾಯುವುದನ್ನು. ಗಡಿಬಿಡಿಯಲ್ಲಿ ಬಿಟ್ಟುಹೋಗುವುದೂ ಇದೇ.

ನಮ್ಮ ಬಳಗದವರೊಬ್ಬರ ತಂಗಿಯ ಹೆರಿಗೆ ಒಂದು ಟೀಚಿಂಗ್ ಆಸ್ಪತ್ರೆಯಲ್ಲಾಯಿತು. ಹೊಲಿಗೆ ಹಾಕುವಾಗ ಆಕೆ ಚೀರಿದಳು. ‘ಇಷ್ಟಕ್ಕೆ ಹಿಂಗ ಮಾಡಿದ್ರ ಹೆಂಗ? ಹಡದೀ ಅಲ್ಲ’ ಅಂದರಂತೆ. ಹಡೆದವಳಿಗೆ ಸೂಜಿ ನೋಯುವುದಿಲ್ಲ ಎಂದು ಯಾವ ಪುಸ್ತಕದಲ್ಲಿ ಬರೆದಿದೆ?

ಹೆರಿಗೆ ವಾರ್ಡಿನ ಸಂಗತಿಯನ್ನು ಹೆಣ್ಣುಮಕ್ಕಳು ಮನೆಯಲ್ಲೂ ಬಾಯಿ ಬಿಟ್ಟು ಹೇಳುವುದಿಲ್ಲ. ತೊಂದರೆ ಇಲ್ಲದ ಹೆರಿಗೆಯಲ್ಲಿ, ನೋವು ಜೋರಾದ ಮೇಲೆ ಕೈ ಹಾಕಿ ನೋಡುವ ಪರೀಕ್ಷೆ ನಾಲ್ಕು ತಾಸಿಗೊಮ್ಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಕಲಿಯುವವರು ಐದು ಜನ ಇದ್ದಾರೆ ಎಂದು ಐದು ಸಲ ನೋಡುವುದು ಆ ತಾಯಿಯ ಅಗತ್ಯಕ್ಕಲ್ಲ. ಅದಕ್ಕಂತೂ ಅವಳ ಒಪ್ಪಿಗೆ ಬೇಕೇ ಬೇಕು.

ಅವರು ಕೊಡುವ ನೆಪಗಳು

ಈ ವಿಷಯ ಎತ್ತಿದಾಗಲೆಲ್ಲ ನಾಲ್ಕು ಉತ್ತರ ಬರುತ್ತವೆ. ಒಂದೊಂದಾಗಿ ನೋಡೋಣ.

ಒಂದು: ‘ಕೇಳಿದರೆ ಎಲ್ಲರೂ ಬೇಡ ಅಂತಾರೆ.’ ಕೇಳಿ ನೋಡಿದ್ದೀರಾ? ಒಂದು ವಾರ್ಡಿನಲ್ಲಿ ಒಬ್ಬ ಹೌಸ್‌ಸರ್ಜನ್ ಹುಡುಗಿ ಮುದುಕಿಯೊಬ್ಬರ ಪಕ್ಕ ಕುಳಿತು ಹೇಳಿದ್ದನ್ನು ನಾವೇ ಕೇಳಿದ್ದೇವೆ: ‘ಆಯೀ, ನಾನು ಇನ್ನೂ ಕಲಿಯಾಕತ್ತೀನಿ. ಇದು ನನಗ ಮೂರನೇದು. ಹಿಂದ ಮೇಡಂ ನಿಂತಾರ. ಮಾಡ್ಲೇನು?’ ಮುದುಕಿ ಒಂದು ಗಳಿಗೆ ಆಕೆಯ ಮುಖ ನೋಡಿ, ‘ಮಾಡವ್ವಾ, ನೀನೂ ಕಲೀಬೇಕಲ್ಲ’ ಅಂದರು. ಹತ್ತು ಸೆಕೆಂಡಿನ ಮಾತು. ಆ ಮುದುಕಿಗೂ ನೋವಾಯಿತು. ಆದರೆ ಅದು ಆಕೆ ಒಪ್ಪಿ ತಗೊಂಡ ನೋವು.

ಎರಡು: ‘ಬಿಟ್ಟಿ ಚಿಕಿತ್ಸೆ, ಮೇಲೆ ಇಷ್ಟು ಮಾತು ಬೇರೆ.’ ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎಂಬ ಗಾದೆಯನ್ನು ನಮಗೇ ತಿರುಗಿಸಿ ಹೇಳುತ್ತಾರೆ. ಸರ್ಕಾರಿ ದವಾಖಾನೆ ಯಾರ ಮನೆಯ ಎಮ್ಮೆ? ಸೋಪಿಗೆ, ಡೀಸೆಲ್‌ಗೆ, ಮೊಬೈಲ್ ರೀಚಾರ್ಜಿಗೆ ನಾವು ಕಟ್ಟಿದ ತೆರಿಗೆಯಲ್ಲಿ ಅದರ ಗೋಡೆ ಎದ್ದಿದೆ. ಬಿಪಿಎಲ್ ಕಾರ್ಡ್ ಚಿಕಿತ್ಸೆಗೆ ಕೊಟ್ಟ ದಾಖಲೆ. ಅದು ಒಪ್ಪಿಗೆ ಪತ್ರ ಅಲ್ಲ.

ಮೂರು: ‘ಟೈಮ್ ಎಲ್ಲಿದೆ?’ ಜೀವ ಹೋಗುವ ಹೊತ್ತಿನಲ್ಲಿ ಯಾರೂ ಕೇಳುತ್ತಾ ಕೂರಬೇಡಿ. ಅಪಘಾತ, ಹಾವು ಕಡಿತ, ನಿಲ್ಲದ ರಕ್ತಸ್ರಾವ – ಆಗ ಮೊದಲು ಜೀವ ಉಳಿಸಿ. ಆದರೆ ಬೆಳಗ್ಗೆ ಹತ್ತಕ್ಕೆ ನಿಗದಿ ಮಾಡಿದ ಸೂಜಿಗೆ ಅರ್ಧ ನಿಮಿಷ ಇಲ್ಲವೇ? ಎರಡು ಸಲ ತಪ್ಪಿ ಮೂರನೇ ಸಲ ಚುಚ್ಚಲು ಟೈಮ್ ಇದೆಯಲ್ಲ.

ನಾಲ್ಕು: ‘ಅವರಿಗೆ ಹೇಳಿದರೂ ಅರ್ಥ ಆಗಲ್ಲ.’ ಇದು ನಮಗೆ ಬಹಳ ಚುಚ್ಚುವ ಮಾತು. ಹೋರಿಗೆ ಮೂಗುದಾರ ಹಾಕಿಸುವಾಗ ಕೈ ಪಳಗಿದವರನ್ನೇ ಕರೆಸುತ್ತೇವೆ. ಕಲಿಯುವ ಹುಡುಗ ಮೊದಲು ಹಗ್ಗ ಹಿಡಿದು ನೋಡುತ್ತಾನೆ, ಆಮೇಲೆ ದೊಡ್ಡವರ ಕಣ್ಣೆದುರು ಮಾಡುತ್ತಾನೆ. ದನದ ವಿಷಯದಲ್ಲಿ ಇಷ್ಟು ತಿಳಿದ ಜನಕ್ಕೆ ತಮ್ಮ ಮೈ ವಿಷಯ ಅರ್ಥ ಆಗುವುದಿಲ್ಲವೇ?

ಸ್ಪೆಷಲ್ ವಾರ್ಡಿನಲ್ಲಿ ಯಾಕೆ ಕಲಿಯುವುದಿಲ್ಲ?

ಹಣ ಕಟ್ಟಿ ಪ್ರತ್ಯೇಕ ರೂಮು ಹಿಡಿದವರ ಬಾಗಿಲಲ್ಲಿ ವಿದ್ಯಾರ್ಥಿಗಳ ಗುಂಪು ಎಷ್ಟು ಸಲ ನಿಂತಿದೆ? ಶಾಸಕರಿಗೆ, ದೊಡ್ಡ ಅಧಿಕಾರಿಗೆ ಜ್ವರ ಬಂದರೆ ಮೊದಲನೇ ಸಲ ಸೂಜಿ ಹಿಡಿದವರನ್ನು ಕಳಿಸುತ್ತಾರೆಯೇ? ಅಲ್ಲಿಗೆ ಪಳಗಿದ ಕೈ, ಮೆತ್ತನೆಯ ಮಾತು, ಬಾಗಿಲು ತಟ್ಟಿ ಒಳಗೆ ಬರುವ ಪದ್ಧತಿ.

ಖಾಸಗಿ ಮೆಡಿಕಲ್ ಕಾಲೇಜುಗಳ ಉಚಿತ ಶಿಬಿರದ ಬಸ್ಸು ನಮ್ಮ ಊರಿಗೂ ಬರುತ್ತದೆ. ಅದು ಬರೀ ಧರ್ಮಕ್ಕೆ ಬರುತ್ತದೆ ಅಂದುಕೊಂಡಿದ್ದೀರಾ? ಮೆಡಿಕಲ್ ಕಾಲೇಜಿನ ಮಾನ್ಯತೆಗೆ ಇಷ್ಟು ಹಾಸಿಗೆ ತುಂಬಿರಬೇಕು ಎಂಬ ನಿಯಮವಿದೆ. ರೋಗಿ ಇಲ್ಲದೆ ಪಾಠ ಇಲ್ಲ. ನಮಗೆ ಅವರು ಬೇಕಾದಷ್ಟೇ ಅವರಿಗೂ ನಾವು ಬೇಕು. ಇದು ಕೊಡುಕೊಳ್ಳುವ ವ್ಯವಹಾರ. ಹಾಗಿದ್ದ ಮೇಲೆ ಕೈ ಮುಗಿದು ನಿಲ್ಲುವವರು ನಾವೊಬ್ಬರೇ ಯಾಕೆ?

ಕಲಿಕೆಯ ಭಾರ ಎಲ್ಲರೂ ಹೊರಲಿ. ಬಡವರ ಮೈ ಮೇಲೆ ಕಲಿತು, ಉಳ್ಳವರ ಮೈ ಮೇಲೆ ಪ್ರಾಕ್ಟೀಸ್ ಮಾಡುವುದಾದರೆ ಆ ನೋವಿನ ಋಣ ಯಾರ ಖಾತೆಗೆ?

ಕಾಗದದ ಮೇಲೆ ಎಲ್ಲ ಇದೆ

ಒಪ್ಪಿಗೆ ಅಂದರೆ ನಿಜವಾದ ಒಪ್ಪಿಗೆ ಆಗಿರಬೇಕು, ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟಿರಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿತು. ಜೀವ ಉಳಿಸುವ ತುರ್ತು ಇಲ್ಲದಿದ್ದರೆ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ ಎಂದೂ ಹೇಳಿತು. ಆ ಪ್ರಕರಣ ಆಪರೇಷನ್ನಿನದು. ಆದರೆ ಅದರ ತತ್ವ ಚಿಕ್ಕ ಸೂಜಿಗೂ ಅನ್ವಯಿಸಬೇಕು. ಅಡ್ಮಿಟ್ ಆಗುವಾಗ ಹಾಕಿದ ಒಂದು ಹೆಬ್ಬೆಟ್ಟು ಎಲ್ಲದಕ್ಕೂ ಪರವಾನಗಿ ಆಗಬಾರದು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಸನ್ನದು ಸಿದ್ಧಪಡಿಸಿತು. ತನಗೆ ಚಿಕಿತ್ಸೆ ಕೊಡುತ್ತಿರುವವರು ಯಾರು, ಅವರ ಅರ್ಹತೆ ಏನು ಎಂದು ತಿಳಿಯುವ ಹಕ್ಕು ರೋಗಿಗಿದೆ ಎಂದು ಅದರಲ್ಲಿದೆ. ಗಂಡು ಡಾಕ್ಟರು ಹೆಣ್ಣುಮಗಳನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಎಂದೂ ಇದೆ.

ವೈದ್ಯ ಶಿಕ್ಷಣದ ಹೊಸ ಪಠ್ಯಕ್ರಮ 2019ರಲ್ಲಿ ಬಂತು. ರೋಗಿಯ ಜೊತೆ ಹೇಗೆ ಮಾತಾಡಬೇಕು, ಒಪ್ಪಿಗೆ ಹೇಗೆ ಪಡೆಯಬೇಕು ಎಂಬುದು ಅದರಲ್ಲಿ ಪಾಠವಾಗಿದೆ. ಮನುಷ್ಯರ ಮೇಲೆ ಮಾಡುವ ಮೊದಲು ಬೊಂಬೆಯ ಮೇಲೆ ಕಲಿಯಲು ಸ್ಕಿಲ್ಸ್ ಲ್ಯಾಬ್ ಕಡ್ಡಾಯ. ಹೊರರಾಜ್ಯದ ವಿದ್ಯಾರ್ಥಿಗಳಿಗೆ ಇಲ್ಲಿನ ಭಾಷೆ ಕಲಿಸಲು ಮೊದಲ ವರ್ಷದ ಆರಂಭದಲ್ಲೇ ಸಮಯ ಇಟ್ಟಿದ್ದಾರೆ. ಹಾಗಾದರೆ ‘ಅವರಿಗೆ ಕನ್ನಡ ಬರಲ್ಲ’ ಎಂಬುದು ನೆಪವೇ ಹೊರತು ಕಾರಣವಲ್ಲ.

ಕಾಗದದಲ್ಲಿದ್ದದ್ದು ವಾರ್ಡಿಗೆ ಇಳಿದಿಲ್ಲ. ಇಳಿಸುವವರು ಪ್ರೊಫೆಸರುಗಳು. ಆದ್ದರಿಂದ ನಮ್ಮ ಸಿಟ್ಟು ನಡುಗುವ ಕೈಯ ಹುಡುಗರ ಮೇಲಲ್ಲ. ಅವರನ್ನು ಒಬ್ಬರನ್ನೇ ಬಿಟ್ಟು ಹೋಗುವ ದೊಡ್ಡವರ ಮೇಲೆ.

ನಾವು ಕೇಳುತ್ತಿರುವುದು ಇಷ್ಟೇ

ಆಸ್ಪತ್ರೆಯವರಿಗೆ:

ಹೆಸರು, ಎಷ್ಟನೇ ವರ್ಷ ಅಥವಾ ಹೌಸ್‌ಸರ್ಜನ್ ಎಂಬುದು ಕೋಟಿನ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿರಲಿ. ಮಾಡುವ ಮೊದಲು ಏನು ಮಾಡುತ್ತೇವೆ, ಯಾಕೆ, ಎಷ್ಟು ನೋಯುತ್ತದೆ ಎಂದು ಹೇಳಲಿ. ಮರಗಟ್ಟಿಸುವ ಔಷಧ ಕೊಡಬೇಕಾದ ಕಡೆ ಕೊಡಲಿ. ಕಲಿಯುವವರ ಪಕ್ಕ ಬಲ್ಲವರು ನಿಂತಿರಲಿ. ಎರಡು ಸಲ ತಪ್ಪಿದರೆ ಸೂಜಿ ಹಿರಿಯರ ಕೈಗೆ ಹೋಗಲಿ. ರೋಗಿ ಬೇಡ ಅಂದರೆ ಮುಖ ಸಿಂಡರಿಸದೆ ಚಿಕಿತ್ಸೆ ಮುಂದುವರಿಸಲಿ. ಈ ನಿಯಮ ಸ್ಪೆಷಲ್ ವಾರ್ಡಿಗೂ ಜನರಲ್ ವಾರ್ಡಿಗೂ ಒಂದೇ ಇರಲಿ.

ನಿಮಗೆ, ಅಂದರೆ ಓದುಗರಿಗೆ:

ಟ್ರೇ ಹಿಡಿದು ಬಂದಾಗ ಹೆದರದೆ ಕೇಳಿ. ‘ನಿಮ್ಮ ಹೆಸರೇನ್ರಿ? ನೀವು ಇನ್ನೂ ಕಲಿಯಾಕತ್ತೀರೇನು? ದೊಡ್ಡ ಡಾಕ್ಟ್ರು ಇಲ್ಲೇ ಅದಾರೇನು? ನೋವಾಗದಂಗ ಏನರ ಕೊಡ್ತೀರೇನು?’ ಈ ನಾಲ್ಕು ಪ್ರಶ್ನೆ ಸಾಕು. ಜೋರು ಮಾಡಬೇಡಿ, ವಿಡಿಯೋ ಮಾಡಿ ಹೆದರಿಸಬೇಡಿ. ಡಾಕ್ಟರ ಮೇಲೆ ಕೈ ಎತ್ತುವವರ ಜೊತೆ ನಾವು ಯಾವತ್ತೂ ಇಲ್ಲ. ಉತ್ತರ ಸಿಗದಿದ್ದರೆ ಆ ಯೂನಿಟ್ಟಿನ ಮುಖ್ಯ ಡಾಕ್ಟರನ್ನು ಕೇಳಿ. ಅಲ್ಲೂ ಆಗದಿದ್ದರೆ ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ಬಿಳಿ ಹಾಳೆಯಲ್ಲಿ ಬರೆದುಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ.

ಕೊನೆಗೊಂದು ಮಾತು. ಅವರು ಸರಿಯಾಗಿ ಕೇಳಿದ ದಿನ, ಹಿರಿಯರು ಪಕ್ಕದಲ್ಲಿದ್ದ ದಿನ, ಆದಷ್ಟು ‘ಹೂಂ’ ಅನ್ನಿ. ಬೇಡ ಅನ್ನುವ ಹಕ್ಕು ನಿಮ್ಮದೇ, ಅದನ್ನು ಯಾರೂ ಕಸಿಯುವಂತಿಲ್ಲ. ಆದರೆ ಹೋಬಳಿಯ ದವಾಖಾನೆಗೆ ನಾಳೆ ಬರುವ ಡಾಕ್ಟರು ಎಲ್ಲೋ ಒಂದು ಕಡೆ ಕಲಿತು ಬರಬೇಕು. ಕೇಳಿ ಕಲಿತವರು ಅಲ್ಲಿಗೆ ಬಂದ ಮೇಲೂ ಕೇಳಿಯೇ ಚುಚ್ಚುತ್ತಾರೆ.