ಓಪಿ ಚೀಟಿ ಬರೆಸುವಾಗ ಯಾಕೆ, ಏನು ಎಂದು ಹೇಳುವವರಾರು?

ಆಂಧ್ರದ ಮಡಕಶಿರ, ಅಮರಾಪುರ, ಅಗಳಿ ಕಡೆಯ ಕನ್ನಡಿಗರಿಗೆ ದೊಡ್ಡಾಸ್ಪತ್ರೆ ಬೇಕಾದರೆ ಹಿಂದೂಪುರವೇ ಹತ್ತಿರ. ಕಲ್ಯಾಣದುರ್ಗದ ಸರ್ಕಾರಿ ಆಸ್ಪತ್ರೆ, ಆರ್‌ಡಿಟಿ ಎಂಬ ಸ್ವಯಂಸೇವಾ ಸಂಸ್ಥೆಯ ಆಸ್ಪತ್ರೆಗಳ ಸುತ್ತಲೂ ಕನ್ನಡದ ಮನೆಗಳಿವೆ. ಈ ಭಾಗದಲ್ಲಷ್ಟೇ ಅಲ್ಲ, ಯಾವ ಊರಿನ ಕೌಂಟರಿನಲ್ಲಾದರೂ ನಡೆಯುವುದು ಇಷ್ಟೇ: ಹೆಸರು, ವಯಸ್ಸು, ಫೋನ್ ನಂಬರ್, ಆಧಾರ್ ಜೆರಾಕ್ಸ್, ಆಮೇಲೆ ಕ್ಯೂನಲ್ಲಿರುವವರ ಕಿವಿಗೂ ಬೀಳುವಂತೆ ‘ಏನು ತೊಂದರೆ?’. ಇದೆಲ್ಲ ಯಾಕೆ ಎಂದು ರೋಗಿ ಕೇಳುವುದಿಲ್ಲ. ಕೇಳಿದರೆ ಚೀಟಿ ತಡವಾದೀತು ಎಂಬ ಅಳುಕು. ಹಾಗೆ ಒತ್ತಿದ ಹೆಬ್ಬೆಟ್ಟನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬಾರದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಅದನ್ನು ಒಪ್ಪಿಗೆ ಎನ್ನುವುದಿಲ್ಲ. ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ಮೊದಲು ತಿಳಿಸಬೇಕು. ಆ ನೋಟಿಸನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ತನಗೆ ಬೇಕಾದುದರಲ್ಲಿ ಓದಿಕೊಳ್ಳುವ ಅವಕಾಶ ರೋಗಿಗಿರಬೇಕು. ಆಂಧ್ರದ ಆಸ್ಪತ್ರೆ ಕನ್ನಡದಲ್ಲಿ ಯಾಕೆ ಕೊಡಬೇಕು ಎನ್ನುವಂತಿಲ್ಲ; ಈ ಆಯ್ಕೆಗೆ ರಾಜ್ಯದ ಗಡಿಯಿಲ್ಲ. ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳು, ಅಂದರೆ 2027ರ ಮೇವರೆಗೆ ಕಾಲಾವಕಾಶ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ದಂಡದ ಮೊತ್ತ ಕೇಳಿ ಎಲ್ಲರೂ ಹ್ಯಾಕರುಗಳ ಮಾತೆತ್ತುತ್ತಾರೆ. ದೆಹಲಿಯ ಏಮ್ಸ್‌ನ ಸರ್ವರುಗಳು 2022ರ ನವೆಂಬರಿನಲ್ಲಿ ಸ್ತಬ್ಧವಾದದ್ದು ನಿಜ. ಆದರೆ ಆಂಧ್ರದ ಅನುಭವ ಬೇರೆ. 2018ರಲ್ಲಿ ಸರ್ಕಾರಿ ‘ಅನ್ನ ಸಂಜೀವಿನಿ’ ಔಷಧಿ ಅಂಗಡಿಗಳಲ್ಲಿ ಮಾತ್ರೆ ಕೊಂಡವರ ಹೆಸರು, ಫೋನ್ ನಂಬರುಗಳು ಸರ್ಕಾರದ ವೆಬ್‌ಸೈಟಿನಲ್ಲೇ ಯಾರಿಗೆ ಬೇಕಾದರೂ ಕಾಣುವಂತಿದ್ದವು. ಲೈಂಗಿಕ ತೊಂದರೆಯ ಮಾತ್ರೆ ಕೊಂಡವರೂ ಆ ಪಟ್ಟಿಯಲ್ಲಿದ್ದರು. ಯಾರೂ ಬೀಗ ಒಡೆಯಲಿಲ್ಲ, ಬಾಗಿಲೇ ಹಾಕಿರಲಿಲ್ಲ. ಕರ್ನಾಟಕವೂ ಬೀಗುವಂತಿಲ್ಲ: 2020ರ ಮಾರ್ಚಿನಲ್ಲಿ ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳನ್ನು ಸರ್ಕಾರವೇ ಪ್ರಕಟಿಸಿತು.

ಸೋರಿತು ಎಂದು ಆಮೇಲೆ ಹಲುಬುವ ಬದಲು, ಮಾತ್ರೆ ಮಾರುವ ಅಂಗಡಿಗೆ ಫೋನ್ ನಂಬರ್ ಯಾಕೆ ಬೇಕಿತ್ತು ಎಂದು ಮೊದಲೇ ಕೇಳಬೇಕಿತ್ತು. ಹೊಸ ಕಾಯ್ದೆ ಕೊಡುವ ಒಂದು ಉದಾಹರಣೆ ಔಷಧಿ ಅಂಗಡಿಯದೇ: ರಸೀದಿಯ ಸಂದೇಶಕ್ಕೆಂದು ಗ್ರಾಹಕಿ ನಂಬರ್ ಕೊಟ್ಟರೆ ಅದನ್ನು ರಸೀದಿಗೆ ಬಳಸಬಹುದು. ಇನ್ನೊಂದು, ಟೆಲಿಮೆಡಿಸಿನ್ ಆ್ಯಪಿನದು: ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನು ನೋಡಲು ರೋಗಿ ಹೂಂ ಎಂದರೂ ಚಿಕಿತ್ಸೆಗೆ ಅದು ಬೇಡವಾದ್ದರಿಂದ ಆ ಹೂಂ ಸಲ್ಲದು. ಆಸ್ಪತ್ರೆಯವರು ಗೋಡೆಗೆ ಅಂಟಿಸಿಕೊಳ್ಳಬೇಕಾದದ್ದು ಈ ಎರಡು ಉದಾಹರಣೆಗಳನ್ನು.

ಎಲ್ಲದಕ್ಕೂ ಒಪ್ಪಿಗೆ ಬೇಕೆಂದಲ್ಲ. ಜೀವಕ್ಕೆ ಅಪಾಯವಿರುವಾಗ ಕಾಯುತ್ತ ಕೂರಲಾಗದು. ಕ್ಷಯವನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಗರ್ಭಿಣಿಯ ಸ್ಕ್ಯಾನಿಂಗಿಗೆ ‘ಫಾರ್ಮ್ ಎಫ್’ ತುಂಬಲೇಬೇಕು. ಆದರೆ ‘ಇದು ಕಾನೂನಿನ ಲೆಕ್ಕಕ್ಕಮ್ಮ, ಬೇರೆಯವರಿಗೆ ಹೇಳುವುದಿಲ್ಲ’ ಎನ್ನಲು ಅರ್ಧ ನಿಮಿಷ ಸಾಕು. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆ ಇನ್ನೂ ಬಿಗಿ: ಪರೀಕ್ಷೆಗೂ ಒಪ್ಪಿಗೆ ಬೇಕು, ಫಲಿತಾಂಶ ಹೊರಗೆಡಹಲೂ ಬೇಕು. ಫೈಲಿನ ಮೇಲೆ ಕೆಂಪು ಗುರುತು ಹಾಕಿದರೆ ವಾರ್ಡಿಗೆಲ್ಲ ಸಾರಿದಂತೆಯೇ.

ದೊಡ್ಡ ತೊಡಕು ಕಾಗದದ್ದು. ಹೊಸ ಕಾಯ್ದೆಯ ವ್ಯಾಪ್ತಿಗೆ ಬರುವುದು ಕಂಪ್ಯೂಟರಿನಲ್ಲಿ ಸಂಗ್ರಹಿಸಿದ ಅಥವಾ ಆಮೇಲೆ ಅದಕ್ಕೇರಿಸಿದ ಮಾಹಿತಿ ಮಾತ್ರ. ಸಣ್ಣ ಊರಿನ ನರ್ಸಿಂಗ್ ಹೋಮಿನ ರಿಜಿಸ್ಟರು, ಜೆರಾಕ್ಸಿನ ಕಟ್ಟು ಅದರ ಹೊರಗೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲಿ ಗುಟ್ಟು ಕಾಯುವ ಹೊಣೆ ವೈದ್ಯರದು. ಚೀಟಿ ಬರೆಯುವ ಹುಡುಗನ ಸುದ್ದಿಯೇ ಅಲ್ಲಿಲ್ಲ. ಆದರೆ ಆಂಧ್ರದ ಖಾಸಗಿ ಆಸ್ಪತ್ರೆಗಳ ನೋಂದಣಿಗೆ 2002ರದೇ ರಾಜ್ಯ ಕಾಯ್ದೆಯೊಂದಿದೆ. ಅನಂತಪುರ, ಶ್ರೀ ಸತ್ಯಸಾಯಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ನೋಂದಣಿಗೆ ಬಂದವರನ್ನು ಮೂರು ವಿಷಯ ಕೇಳಲಿ: ತೆಲುಗು, ಕನ್ನಡ ಎರಡರಲ್ಲೂ ನೋಟಿಸ್ ಇದೆಯೇ, ಕೌಂಟರಿನಿಂದ ಕ್ಯೂ ನಾಲ್ಕಡಿ ದೂರವಿದೆಯೇ, ಹಳೆಯ ರಿಜಿಸ್ಟರುಗಳ ಬೀಗದ ಕೈ ಯಾರ ಬಳಿಯಿದೆ. ಸರ್ಕಾರಿ ಆಸ್ಪತ್ರೆಗಳಿಗಾದರೆ ಒಂದು ಸುತ್ತೋಲೆ ಸಾಕು. ಅದಕ್ಕೆ 2027ರ ಮೇ ತಿಂಗಳವರೆಗೆ ಕಾಯಬೇಕಿಲ್ಲ.