ಕೊಂಡವಾಡದ ಜಾಗ ಯಾರದು?

ಊರ ಕೊಂಡವಾಡ ಕೆಡವಿ ಅಲ್ಲಿ ಅಂಗಡಿ ಗಾಳೆ ಕಟ್ಟಬೇಕು ಅನ್ನೂ ವಿಷಯ ಮುಂದಿನ ಗ್ರಾಮಸಭೆಗೆ ಬರತದಂತ. ಮರಾಠಿಯೊಳಗ ನೋಟಿಸ ಹಚ್ಯಾರ. ಮೂರು ವರ್ಷದಿಂದ ಅದೇ ಜಾಗದಾಗ ನಮ್ಮೂರ ಏಳು ಮಂದಿ ಹುಡುಗ ಹುಡುಗೇರು ಗಾಯಗೊಂಡ ದನ, ನಾಯಿ, ಕತ್ತೆ ಇಟ್ಟುಕೊಂಡು ಜ್ವಾಪಾನ ಮಾಡತಾರ. ಸಂಬಳ ಇಲ್ಲ. ಮ್ಯಾಲಿನ ತಗಡೂ ಅವರ ರೊಕ್ಕದ್ದೇ. ಇವರನ್ನ ಎಬ್ಬಿಸಬೇಕು ಅನ್ನುವವರಿಗೆ ನಾ ಇದನ್ನ ಬರೀತೀನಿ. ನಾ ಏಳನೇತ್ತಾ ಕಲಿತವ, ಡೊಳ್ಳಿನ ಹಾಡಕಿಯವ. ನಮ್ಮ ಹಾಡಕಿಯೊಳಗ ಸವಾಲ್-ಜವಾಬ್ ಇರತದ. ಇದನ್ನೂ ಹಂಗೇ ತಿಳೀರಿ.

ಅವರ ಮೊದಲನೇ ಸವಾಲು: "ಮನಷ್ಯಾರಿಗೇ ನೆಟ್ಟಗ ದವಾಖಾನಿ ಇಲ್ಲ, ಬೀದಿ ದನಕ್ಯಾಕ?" ಖರೆ ಮಾತು, ದವಾಖಾನಿ ಬೇಕು. ಆದ್ರ ಹತ್ತು ಗಾಳೆ ಕಟ್ಟಿದ್ರ ಡಾಕ್ಟರು ಬರತಾರೇನು? ಈ ಹುಡುಗರು ಪಂಚಾಯತಿಯ ಒಂದು ಪೈಸೆ ಮುಟ್ಟಿಲ್ಲ. ಅವರನ್ನ ಹೊರಗ ಹಾಕಿದ್ರ ಯಾವ ಮನಷ್ಯಾನ ಜಡ್ಡೂ ಗುಣ ಆಗೂದಿಲ್ಲ.

"ಬೀದಿ ದನ" ಅಂತೀರಲ್ಲ, ಬೀದಿ ಎಂದರೆ ಕರು ಹಾಕತದೇನು? ಒಳಗ ಹೋಗಿ ನೋಡ್ರಿ. ಮೂಗದಾರದ ತೂತು ಇದ್ದದ್ದು ಎತ್ತು, ಹೆಗಲ ಮ್ಯಾಲ ನೊಗದ ಕಾಯಿ ಕಟ್ಟಿದ್ದು ಎತ್ತು. ಯಾರದೋ ಹೊಲ ಊಳೇ ಬಂದದ್ದು. 2015ರಾಗ ಮಹಾರಾಷ್ಟ್ರದಾಗ ಹೋರಿ, ಎತ್ತು ಕಡಿಯೂದಕ್ಕೂ ಬಂದಿ ಬಂತು. ಕಾಯ್ದೆ ಸರಿಯೋ ತಪ್ಪೋ, ಅದು ಬ್ಯಾರೆ ಮಾತು. ಮುದಿ ಎತ್ತಿಗೆ ಸಂತಿಯೊಳಗ ಗಿರಾಕಿ ಇಲ್ಲದಂಗಾತು. ಟ್ರ್ಯಾಕ್ಟರ ಬಂತು. ನಮ್ಮ ಜತ್ತ ಸೀಮೆಯೊಳಗ ಮಳಿ ತಪ್ಪಿದ ವರ್ಷ ಕಣಕಿಯ ಧಾರಣಿ ಏನಿರತದ ಅಂತ ನಿಮಗ ನಾ ಹೇಳೂದು ಬ್ಯಾಡ. ಹಿಂಗಾಗಿ ರಾತ್ರಿ ಹಗ್ಗ ಬಿಚ್ಚತಾರ. ಜರ್ಸಿ ಆಕಳ ಗಂಡುಕರ ಹಾಕಿದ್ರಂತೂ ಎಂಟು ದಿನ ಕಾಯೂದಿಲ್ಲ. ಅವು ಗುಹಾಗರ-ವಿಜಯಪುರ ಹೆದ್ದಾರಿಗೆ ಹೋಗಿ ಡಾಂಬರಿನ ಮ್ಯಾಲ ಮಲಗತಾವ. ಬೆಳಗಾಗೂದ್ರಾಗ ಲಾರಿ ಕಾಲು ಮುರದಿರತದ. ಉಳದವು ಮುಳ್ಳುತಂತಿಗೆ ಹರಕೊಂಡು ಗಾಯದಾಗ ಹುಳ ಬಿದ್ದು ಬರತಾವ. ಆ ಹುಳ ಆರಿಸಿ ತಗದು, ಸೀತಾಫಲದ ಎಲಿ ಅರದು ಹಚ್ಚಾವರು ಇವರೇ. ಆ ನಾತ ನಾ ಬಲ್ಲೆ. ಗಾಳೆ ಬೇಕು ಅನ್ನುವವರೊಳಗ ಒಬ್ಬರಾದ್ರೂ ಅಲ್ಲಿ ಹತ್ತು ಮಿನಿಟು ನಿಂತು ತೋರಸ್ರಿ.

ನಾಯಿಯ ಮಾತು ಬ್ಯಾರೆ. ಹುಚ್ಚುನಾಯಿಯ ಅಂಜಿಕಿ ಸುಳ್ಳಲ್ಲ, ಆ ರೋಗ ಒಮ್ಮೆ ಏರಿದ್ರ ಉಳಿಗಾಲ ಇಲ್ಲ. ಕಡಿದ ಕೂಡಲೇ ಹದಿನೈದು ಮಿನಿಟು ಸಾಬಾಣ ಹಚ್ಚಿ ಹರಿಯೂ ನೀರಾಗ ತೊಳಿಬೇಕು, ಅವತ್ತೇ ಹೋಗಿ ಸೂಜಿ ಮಾಡಿಸಬೇಕು. ಖಾರಪುಡಿ, ಸುಣ್ಣ ಹಚ್ಚಿಕೊಂಡು ಕೂಡಬಾರದು. ಮಾಸ್ತರರು ಇದನ್ನ ಶಾಲಿಯೊಳಗ ಹೇಳಬೇಕು. ಆದ್ರ ಅಂಜಿಕಿ ಇದ್ದವರು ಕೊಂಡವಾಡ ಮುಚ್ಚು ಅನ್ನೂದು ಯಾವ ಲೆಕ್ಕ? ಅಲ್ಲಿಗೆ ಬಂದ ಪ್ರತಿ ನಾಯಿಗೂ ರೇಬೀಸ್ ಸೂಜಿ ಆಗೇದ. 2023ರ ಕೇಂದ್ರ ಸರಕಾರದ ನಿಯಮದ ಪ್ರಕಾರ ಬೀದಿನಾಯಿಗೆ ಸಂತಾನ ಆಗದಂಗ ಆಪರೇಷನ್ ಮಾಡಿಸೂದು, ಸೂಜಿ ಹಾಕಿಸೂದು ಸ್ಥಳೀಯ ಸಂಸ್ಥೆಯ ಕೆಲಸ. ಎಂದರೆ ಪಂಚಾಯತಿಯ ಕೆಲಸವನ್ನೇ ಈ ಹುಡುಗರು ಮಾಡತಾರ, ಪಂಚಾಯತಿ ಅವರಿಗೇ ನೋಟಿಸ ಕೊಡತದ!

ಕಾರಹುಣ್ಣಿವಿಗೆ ಕೋಡಿಗೆ ಬಣ್ಣ ಬಳದು ಕರಿ ಹರಿಯುವ ಊರು ನಮ್ಮದು. ಮಣ್ಣೆತ್ತಿನ ಅಮಾಸಿಗೆ ಮಣ್ಣಿನ ಎತ್ತಿಗೆ ಹೋಳಿಗಿ ಎಡಿ ಹಿಡೀತೀವಿ. ಗೋವಿನ ಹಾಡು ಹಾಡಿದ್ರ ಮುಂದ ಕುಂತ ಮಂದಿ ಕಣ್ಣೊರಸಿಕೊಳ್ಳೂದನ್ನ ನಾ ನಾಕು ದಶಕದಿಂದ ನೋಡೀನಿ. ಮರುದಿನ ಮುಂಜಾನೆ ಅದೇ ಮಂದಿ ಕುಂಟ ಆಕಳಿಗೆ ಕಲ್ಲು ಬೀಸತಾರ. ಯಾಕಪಾ ಅಂದ್ರ, "ಅದು ಪುಣ್ಯಕೋಟಿ ಅಲ್ಲೋ ಮಾವಾ, ಹೊಲಾ ತಿನ್ನತದ" ಅಂತಾರ.

ಸರಕಾರ 2024ರಾಗ ದೇಶಿ ಆಕಳಿಗೆ ರಾಜ್ಯಮಾತೆ ಅಂತ ಬಿರುದು ಕೊಟ್ಟಿತು, ಗೋಶಾಲೆಗಳಿಗೆ ಒಂದು ದೇಶಿ ಆಕಳಿಗೆ ದಿನಕ್ಕ 50 ರೂಪಾಯಿ ಅಂತ ಠರಾವ ಮಾಡಿತು. ಛಲೋ ಆತು. ಜರ್ಸಿ ಗಂಡುಕರಕ್ಕ ಯಾವ ಬಿರುದೂ ಇಲ್ಲ, ಸೊಂಟ ಮುರದ ನಾಯಿಗೂ ಇಲ್ಲ. ಅವಕ್ಕ ಈ ತಗಡಿನ ನೆರಳು ಒಂದೇ.

ಇನ್ನೊಂದು ಜಾತಿಯ ಮಂದಿ ಅದಾರ. ಹುಟ್ಟಿದಹಬ್ಬಕ್ಕ ಬಂದು ಎರಡು ಬಾಳಿಹಣ್ಣು ತಿನಿಸಿ ಫೋಟೊ ಹೊಡಕೊಂಡು ಹೋಗತಾರ. ಅವರ ಪೈಕಿ ಒಬ್ಬರು ಹ್ವಾದ ಸುಗ್ಗಿಯೊಳಗ ತಮ್ಮ ಮುದಿ ಎತ್ತು ತಂದು ಅದೇ ಬಾಗಲಕ್ಕ ಕಟ್ಟಿ ಹ್ವಾದರು. ಹೆಸರು ಬರೆಯೂದಿಲ್ಲ. ಎತ್ತು ಇನ್ನೂ ಅಲ್ಲೇ ಐತಿ.

ಗಾಯರಾಣ ಮೊದಲೇ ಒತ್ತಿಕೊಂಡು ಮುಗಿಸೀವಿ. ದನಕ್ಕ ಅಂತ ಊರಾಗ ಉಳದದ್ದು ಕೊಂಡವಾಡ ಒಂದೇ, ಮೂರು ಗುಂಟೆ. ಗಾಳೆ ಕಟ್ಟೂದಿದ್ರ ಒತ್ತಿದ ಗಾಯರಾಣ ಮೊದಲು ಬಿಡಸ್ರಿ, ಬೇಕಾದಷ್ಟು ಜಾಗ ಸಿಗತದ. ಗ್ರಾಮಸಭೆಗೆ ನಾನೂ ಬರತೀನಿ. ಆ ಜಾಗ ಗಾಯಗೊಂಡ ಪ್ರಾಣಿಗೆ ಬಿಟ್ಟುಕೊಡತೀವಿ ಅಂತ ಠರಾವಿನಾಗ ಬರಸಬೇಕು, ನೀರಿನ ನಳ ಒಂದು ಕೊಡಬೇಕು. ಅವತ್ತು ಬರುವವರು ಒಬ್ಬೊಬ್ಬರು ಎರಡೆರಡು ಸಿವುಡು ಕಣಕಿ ತರ್ರಿ. ನಂದು ಹತ್ತು ಸಿವುಡು ಗಾಡ್ಯಾಗ ಹೇರಿಟ್ಟೀನಿ.